ಶವಪೆಟ್ಟಿಗೆ ಹೊತ್ತು ಕುಣಿಯುವುದು ಚರ್ಚಿನ ಆರಾಧನೆಯೇ?

ಪ್ರಶ್ನೆ: ಘಾನಾದಲ್ಲಿ ಶವಪೆಟ್ಟಿಗೆ ಹೊತ್ತು ಕುಣಿಯುವವರ ವಿಡಿಯೋ 2020ರಲ್ಲಿ ನಮ್ಮ ಮೊಬೈಲಿಗೂ ಬಂದಿತ್ತು. ಅಲ್ಲಿನ ಕ್ರೈಸ್ತರು ಸಾವಿನ ಪ್ರಾರ್ಥನೆ ಮಾಡುವುದು ಹೀಗೆಯೇ? ಅವರು ಅಳುವುದಿಲ್ಲವೇ?

ಉತ್ತರ: ಅಳುತ್ತಾರೆ, ಬಾಯಿಬಿಟ್ಟು ಅಳುತ್ತಾರೆ. ವಿಡಿಯೋದಲ್ಲಿ ಕುಣಿಯುವವರು ಮನೆಯವರು ದುಡ್ಡು ಕೊಟ್ಟು ಕರೆಸಿದ ತಂಡ. ಚರ್ಚಿನ ಆರಾಧನಾಕ್ರಮಕ್ಕೂ ಅವರಿಗೂ ಸಂಬಂಧವಿಲ್ಲ.

ದಕ್ಷಿಣ ಘಾನಾದ ಅಕಾನ್ ಜನರಲ್ಲಿ ದೂರದೇಶದ ನೆಂಟರು ಬಂದು ಸೇರಲೆಂದು ದೇಹವನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಶವಾಗಾರದಲ್ಲಿ ಇಡುವುದುಂಟು. ಹೆಚ್ಚಾಗಿ ಶನಿವಾರ ಮಣ್ಣು ಮಾಡುತ್ತಾರೆ. ಬಂದವರು ಉಡುವುದು ಕಪ್ಪು, ಕೆಂಪು ಬಟ್ಟೆ. ತುಂಬು ಬಾಳು ಬಾಳಿದ ಹಿರಿಯರು ತೀರಿಕೊಂಡರೆ ಬಿಳಿಯೂ ಇರುತ್ತದೆ. ಅಚ್ಚು ಹಾಕಿಸಿದ ಪುಸ್ತಿಕೆ ಹಿಡಿದು ಮಕ್ಕಳು, ಒಡಹುಟ್ಟಿದವರು, ಸಭೆಯ ಸಂಘದವರು ಒಬ್ಬೊಬ್ಬರಾಗಿ ನುಡಿನಮನ ಓದುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಕರಾವಳಿಯ ಫಾಂಟೆ ಎಂಬ ಅಕಾನ್ ಪಂಗಡದ ಮೆಥೋಡಿಸ್ಟ್ ಕ್ರೈಸ್ತರ ಎಬಿಬಿಂಡ್ವೊಮ್ ಎಂಬ ಹಾಡು. 1835ರಲ್ಲಿ ಕೇಪ್ ಕೋಸ್ಟಿಗೆ ಬಂದ ಮಿಷನರಿಗಳ ಇಂಗ್ಲಿಷ್ ಕೀರ್ತನೆಗಳು ಓದು ಬಾರದ ಹೆಂಗಸರ ಕೈಗೆ ಎಟುಕಲಿಲ್ಲ. ಅವರು ಕೇಳಿದ ವಚನವನ್ನೇ ತಮ್ಮ ನುಡಿಯಲ್ಲಿ, ತಮ್ಮ ಧಾಟಿಯಲ್ಲಿ, ನಿಂತ ನಿಲುವಿನಲ್ಲೇ ಕಟ್ಟಿ ಹಾಡಿದರು. ಒಬ್ಬಳು ಸೊಲ್ಲೆತ್ತಿದರೆ ಸಭೆಯೆಲ್ಲ ಸೊಲ್ಲು ಹಿಡಿಯುತ್ತದೆ, ನಮ್ಮ ಸೋಬಾನೆಯ ಹಾಗೆ. ಉಪದೇಶದ ನಡುವೆಯೇ ಅಜ್ಜಿಯೊಬ್ಬಳು ಹಾಡು ಶುರುಮಾಡಿದರೆ ಬೋಧಕರು ಮಾತು ನಿಲ್ಲಿಸಿ ಕಾಯುತ್ತಾರೆ. ಸಾವಿನ ಮನೆಯ ಅಳುವಿಗೂ ಬೈಬಲಿನ ಭರವಸೆಗೂ ಒಂದೇ ಉಸಿರಿನಲ್ಲಿ ಜಾಗ ಸಿಗುವುದು ಈ ಹಾಡಿನಲ್ಲಿ. ಅಲ್ಲಿ ಮೈ ತೂಗುವುದೂ ಇದೆ, ಆದರೆ ಅದು ಪ್ರದರ್ಶನವಲ್ಲ.

ಘಾನಾದ ಪ್ರೆಸ್ಬಿಟೇರಿಯನ್ ಸಭೆಗೆ ನಮ್ಮೊಂದಿಗೂ ನಂಟಿದೆ. ಅದನ್ನು ಕಟ್ಟಿದ್ದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್, ಆಗ ಗೋಲ್ಡ್ ಕೋಸ್ಟ್ ಎನ್ನುತ್ತಿದ್ದ ಆ ನೆಲವನ್ನು 1828ರಲ್ಲೇ ಮುಟ್ಟಿತ್ತು. ಕಿಟೆಲರ ಕನ್ನಡ ನಿಘಂಟು 1894ರದು. ಅದೇ ಮಿಶನ್ನಿನ ಕ್ರಿಸ್ಟಾಲರ್ 1881ರಲ್ಲಿ ಅಕಾನ್ ಜನರ ನುಡಿಯಾದ ಟ್ವಿಯ ನಿಘಂಟು ಹೊರತಂದಿದ್ದರು. ಜರ್ಮನ್ ರಾಗದ ಕೀರ್ತನೆಗಳು ಅಲ್ಲಿನ ಶವಸಂಸ್ಕಾರದಲ್ಲಿ ಇಂದಿಗೂ ಟ್ವಿಯಲ್ಲಿ ಕೇಳಿಸುತ್ತವೆ.

ಮಣ್ಣು ಮಾಡಿದ ಮರುದಿನ ಭಾನುವಾರ ಮನೆಯವರು ಬಿಳಿ, ಅಥವಾ ಕಪ್ಪು-ಬಿಳಿ ಉಟ್ಟು ಕೃತಜ್ಞತಾ ಆರಾಧನೆಗೆ ಬರುತ್ತಾರೆ. ಅಲ್ಲಿ ಕುಣಿಯುತ್ತಾರೆ, ನಿಜ. ಕಾಣಿಕೆ ಹಿಡಿದು, ಕರ್ಚೀಫು ಬೀಸುತ್ತಾ, ಕಣ್ಣು ಇನ್ನೂ ಒದ್ದೆಯಾಗಿರುವಾಗಲೇ.