ಲೋಡ್ ಬ್ಯಾಲೆನ್ಸರ್ ಹಾಕಿದ ಮೇಲೆ ಲಾಗಿನ್ ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಒಂದೇ ಸರ್ವರ್ ಇದ್ದಾಗ ನಮ್ಮ ಸೈಟಿಗೆ ಯಾವ ತೊಂದರೆಯೂ ಇರಲಿಲ್ಲ. ಬಂದ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇಟ್ಟು ಎರಡು ಸರ್ವರ್ ಮಾಡಿದಾಗಿನಿಂದ, ಲಾಗಿನ್ ಆದವರು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಲಾಗ್‌ಔಟ್ ಆಗುತ್ತಿದ್ದಾರೆ. ಸ್ಟಿಕಿ ಸೆಷನ್ (ಒಬ್ಬರನ್ನು ಸದಾ ಒಂದೇ ಸರ್ವರಿಗೆ ಕಳಿಸುವುದು) ಆನ್ ಮಾಡಿದರೆ ಸಾಕೇ?

ಉತ್ತರ: ದೂರುಗಳು ಕಡಿಮೆಯಾಗುತ್ತವೆ, ಆದರೆ ಮೂಲ ಸಮಸ್ಯೆ ಹಾಗೇ ಉಳಿಯುತ್ತದೆ.

ನಿಮ್ಮ ಅಪ್ಲಿಕೇಶನ್ ಸೆಷನ್ ಮಾಹಿತಿಯನ್ನು (ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆ) ಆಯಾ ಸರ್ವರಿನ ಮೆಮೊರಿಯಲ್ಲೋ ಡಿಸ್ಕಿನಲ್ಲೋ ಇಡುತ್ತಿರಬೇಕು. ಸರದಿಯಂತೆ ಹಂಚುವ ರೌಂಡ್ ರಾಬಿನ್‌ನಲ್ಲಿ ಲಾಗಿನ್ ಒಂದು ಸರ್ವರಿಗೆ ಹೋದರೆ ಮುಂದಿನ ಕ್ಲಿಕ್ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ಬಂದವರು ಯಾರೆಂದೇ ಗೊತ್ತಿರುವುದಿಲ್ಲ. ಖಚಿತಪಡಿಸಿಕೊಳ್ಳಲು ಒಂದು ಸರ್ವರನ್ನು ಸ್ವಲ್ಪ ಹೊತ್ತು ಪೂಲ್‌ನಿಂದ (ಬ್ಯಾಲೆನ್ಸರಿನ ಸರ್ವರ್ ಪಟ್ಟಿಯಿಂದ) ತೆಗೆದು ನೋಡಿ. ಲಾಗ್‌ಔಟ್ ನಿಂತರೆ ಕಾರಣ ಬಹುಶಃ ಇದೇ.

ಸ್ಟಿಕಿ ಮಾಡಲು ಎನ್‌ಜಿನ್‌ಎಕ್ಸ್‌ನಲ್ಲಿ ಹೆಚ್ಚಿನವರು ಹಾಕುವುದು ಐಪಿ ಹ್ಯಾಶ್, ಅಂದರೆ ಬಂದವರ ಐಪಿ ವಿಳಾಸ ನೋಡಿ ಸರ್ವರ್ ಆರಿಸುವುದು. ಅದು ಐಪಿವಿ4 ವಿಳಾಸದ ಮೊದಲ 3 ಭಾಗಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದೇ ನ್ಯಾಟ್ ಹಿಂದಿರುವ (ಒಂದೇ ಹೊರ ವಿಳಾಸ ಹಂಚಿಕೊಳ್ಳುವ) ಸಾವಿರಾರು ಜನ ಒಂದೇ ಸರ್ವರಿನ ಮೇಲೆ ಬೀಳಬಹುದು. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದವರು ಬೇರೆ ಸರ್ವರಿಗೆ ಹೋಗಬಹುದು. ಇನ್ನೊಂದು ಬ್ಯಾಲೆನ್ಸರ್ ಆದ ಹೆಚ್‌ಎಪ್ರಾಕ್ಸಿಯ ಕುಕಿ ವಿಧಾನ (ಯಾವ ಸರ್ವರ್ ಎಂಬ ಗುರುತನ್ನು ಬ್ರೌಸರಿನಲ್ಲಿ ಇಡುವುದು) ಇದಕ್ಕಿಂತ ವಾಸಿ. ಆದರೆ ಟಿಎಲ್ಎಸ್ ಗೂಢಲಿಪಿಯನ್ನು ಬ್ಯಾಲೆನ್ಸರಿನಲ್ಲೇ ಬಿಚ್ಚಬೇಕು. ಒಳಗೆ ನೋಡದ ಟಿಸಿಪಿ ಮೋಡ್‌ನಲ್ಲಿ ಹಾಗೇ ದಾಟಿಸಿದರೆ ಕುಕಿ ಅದಕ್ಕೆ ಕಾಣುವುದೇ ಇಲ್ಲ. ಎರಡರಲ್ಲೂ ಒಂದು ಸರ್ವರ್ ಬಿದ್ದರೆ ಅದರಲ್ಲಿದ್ದವರೆಲ್ಲ ಲಾಗ್‌ಔಟ್. ಎರಡನೇ ಸರ್ವರ್ ತಂದಿದ್ದು ಇದನ್ನು ತಪ್ಪಿಸಲಿಕ್ಕೇ ಅಲ್ಲವೇ?

ಸೆಷನ್ನನ್ನು ರೆಡಿಸ್‌ಗೋ (ಮೆಮೊರಿಯಲ್ಲಿ ಮಾಹಿತಿ ಇಡುವ ಸಂಗ್ರಹ) ಡೇಟಾಬೇಸ್‌ಗೋ ಸಾಗಿಸಿ, ಎರಡೂ ಸರ್ವರ್ ಅಲ್ಲಿಂದಲೇ ಓದಲಿ. ಇಷ್ಟು ಮಾಡಿಯೂ ಲಾಗ್‌ಔಟ್ ಮುಂದುವರಿದರೆ ಕುಕಿಗೆ ಸಹಿ ಹಾಕುವ ಸೀಕ್ರೆಟ್ ಕೀ ನೋಡಿ. ಕೆಲವರ ಕೋಡ್ ಪ್ರತಿ ಸಲ ಶುರುವಾದಾಗ ಹೊಸ ಕೀ ಹುಟ್ಟಿಸಿಕೊಳ್ಳುತ್ತದೆ. ಆಗ ಒಂದರ ಸಹಿಯನ್ನು ಇನ್ನೊಂದು ಒಪ್ಪುವುದಿಲ್ಲ, ಎರರ್ ಲಾಗ್‌ನಲ್ಲೂ ಏನೂ ಕಾಣದಿರಬಹುದು. ಎರಡೂ ಕಡೆ ಒಂದೇ ಕೀ ಇರಬೇಕು.

ಜೊತೆಗೆ ಸರ್ವರ್ ಸರಿಯಿದೆಯೇ ಎಂದು ಬ್ಯಾಲೆನ್ಸರ್ ನೋಡುವ ಹೆಲ್ತ್ ಚೆಕ್ ಕಡೆಗೂ ಕಣ್ಣಾಡಿಸಿ. ಹೆಚ್‌ಎಪ್ರಾಕ್ಸಿಯ ಸಾದಾ ಚೆಕ್ ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುತ್ತದೆ. ಅಪ್ಲಿಕೇಶನ್ 500 (ಒಳಗಿನ ದೋಷ) ಕೊಡುತ್ತಿದ್ದರೂ ಅದರ ಪಾಲಿಗೆ ಸರ್ವರ್ ಆರೋಗ್ಯವಾಗಿದೆ. ಒಂದು ಪುಟ ಕೇಳಿ 200 (ಎಲ್ಲ ಸರಿ) ಬರುತ್ತದೆಯೇ ಎಂದು ನೋಡುವ ಎಚ್‌ಟಿಟಿಪಿ ಚೆಕ್ ಹಾಕಿ. ಆ ಪುಟಕ್ಕೆ ರೆಡಿಸ್ ತಪಾಸಣೆ ಮಾತ್ರ ಸೇರಿಸಬೇಡಿ: ರೆಡಿಸ್ ಕೆಲವು ಸೆಕೆಂಡು ತಡವರಿಸಿದರೂ ಎರಡೂ ಸರ್ವರ್ ಒಟ್ಟಿಗೆ ಪೂಲ್‌ನಿಂದ ಹೊರಗೆ, ಲಾಗಿನ್ ಬೇಕಿಲ್ಲದ ಪುಟಗಳಿಗೂ 503 (ಸೇವೆ ಲಭ್ಯವಿಲ್ಲ).

ಕೊನೆಗೆ ಸ್ಟಿಕಿ ತೆಗೆದುಹಾಕಿ, ಲಾಗಿನ್ ಆಗಿ, ನೀವಿರುವ ಸರ್ವರನ್ನೇ ನಿಲ್ಲಿಸಿ ಒಂದು ಕ್ಲಿಕ್ ಮಾಡಿ. ಲಾಗಿನ್ ಪುಟ ಬರಬಾರದು.