ಸೆಕೆಂಡ್ ಹ್ಯಾಂಡ್ ಕಾರಿನ ಅಪಘಾತದ ವಿಷಯವನ್ನು ಡೀಲರ್ ಹೇಳಲೇಬೇಕೆ?

ಅಪಘಾತದಲ್ಲಿ ಜಖಂಗೊಂಡ ಕಾರನ್ನು ರಿಪೇರಿ ಮಾಡಿಸಿ, ಹೊಸದಾಗಿ ಬಣ್ಣ ಹೊಡೆಸಿ ಮಾರಾಟಕ್ಕೆ ನಿಲ್ಲಿಸಿದ ಡೀಲರ್, ಕೊಳ್ಳಲು ಬಂದವರು ಕೇಳದಿದ್ದರೂ ಆ ಸಂಗತಿಯನ್ನು ತಿಳಿಸಬೇಕೆ? ಜಗತ್ತಿನ ಅತಿ ದೊಡ್ಡ ಕಾರು ಮಾರುಕಟ್ಟೆಗಳಲ್ಲಿ ಒಂದಾದ ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸ್ಪಷ್ಟ ಉತ್ತರ ಈ ಪ್ರಶ್ನೆಗೆ ಇನ್ನೂ ಸಿಕ್ಕಿಲ್ಲ. ಸುಳ್ಳು ಹೇಳಿದರೆ ಅದು ವಂಚನೆ ಎಂಬುದರಲ್ಲಿ ಎಲ್ಲಿಯೂ ಅನುಮಾನವಿಲ್ಲ. ಸುಮ್ಮನಿದ್ದರೆ ಅದು ತಪ್ಪೇ ಎಂಬುದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಅಂಥದೊಂದು ಉತ್ತರ ಕೈಗೆ ಬಂದು ಜಾರಿಹೋದ ಕಾಲವೂ ಒಂದಿತ್ತು.

ಅಮೆರಿಕದ ಕಾನೂನು ಇಂಗ್ಲೆಂಡಿನಿಂದ ಪಡೆದ ಹಳೆಯ ತತ್ವ ಕೊಳ್ಳುವವನೇ ಎಚ್ಚರ ವಹಿಸಬೇಕು ಎಂಬುದು. 1603ರಲ್ಲಿ ಅಕ್ಕಸಾಲಿಗನೊಬ್ಬ ಔಷಧೀಯ ಗುಣವುಳ್ಳ ಬೆಜೋವಾರ್ ಕಲ್ಲು ಎಂದು ಹೇಳಿ ನೂರು ಪೌಂಡಿಗೆ ಮಾರಿದ ಕಲ್ಲು ಅದಲ್ಲವೆಂದು ಕೊಂಡವನು ದಾವೆ ಹೂಡಿದಾಗ, ಮಾರುವವನು ಖಾತರಿ ಕೊಟ್ಟಿರಲಿಲ್ಲವಾದ್ದರಿಂದ ಬರೀ ಮಾತಿನ ಮೇಲೆ ದಾವೆ ನಿಲ್ಲದು ಎಂದು ಇಂಗ್ಲೆಂಡಿನ ನ್ಯಾಯಾಲಯ ತೀರ್ಪಿತ್ತಿತ್ತು. ಆದರೆ ಕಾರಿನ ಷಾಸಿ ಒಮ್ಮೆ ಬಾಗಿ ಮತ್ತೆ ನೇರವಾಗಿದೆಯೇ, ಸ್ಫೋಟಗೊಂಡ ಏರ್‌ಬ್ಯಾಗಿನ ಜಾಗದಲ್ಲಿ ಹೊಸದನ್ನು ನಿಜಕ್ಕೂ ಕೂರಿಸಲಾಗಿದೆಯೇ ಎಂಬುದನ್ನು ಎಷ್ಟೇ ಎಚ್ಚರದಿಂದ ನೋಡಿದರೂ ಸಾಮಾನ್ಯ ಗ್ರಾಹಕನಿಗೆ ತಿಳಿಯುವುದಿಲ್ಲ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಾಗದ ಮಾರುಕಟ್ಟೆಯಿಂದ ಒಳ್ಳೆಯ ಕಾರುಗಳೇ ಹಿಂದೆ ಸರಿಯುತ್ತವೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲೋಫ್ 1970ರಲ್ಲಿ ತೋರಿಸಿಕೊಟ್ಟರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಅಮೆರಿಕದಲ್ಲಿ 1972ರಲ್ಲಿ ಬಂದ ಕಾನೂನೊಂದು ಓಡೋಮೀಟರ್ ತಿರುಚುವುದನ್ನು ನಿಷೇಧಿಸಿ, ಕಾರು ಎಷ್ಟು ದೂರ ಓಡಿದೆ ಎಂಬುದನ್ನು ಮಾರಾಟದ ಸಮಯದಲ್ಲಿ ಬರೆದುಕೊಡುವುದನ್ನು ಕಡ್ಡಾಯಗೊಳಿಸಿತು. ಅಪಘಾತಕ್ಕೆ ಮಾತ್ರ ಅಂಥ ನಿಯಮ ಬರಲಿಲ್ಲ. 1975ರ ವಾರಂಟಿ ಕಾಯ್ದೆಯಲ್ಲಿ ಸಂಸತ್ತು, ಹಳೆಯ ಕಾರುಗಳ ಮಾರಾಟಕ್ಕೆ ನಿಯಮ ರೂಪಿಸಲು ಮುಂದಾಗುವಂತೆ, ಗ್ರಾಹಕರ ಹಿತ ಕಾಯುವ ಒಕ್ಕೂಟ ಸರ್ಕಾರದ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್‌ಗೆ ಸೂಚಿಸಿತು. ವರ್ಷಗಳ ವಿಚಾರಣೆಯ ನಂತರ, ಪ್ರತಿ ಕಾರನ್ನೂ ಕಡ್ಡಾಯವಾಗಿ ತಪಾಸಣೆ ಮಾಡಿಸಬೇಕೆಂಬ ಸಲಹೆಯನ್ನು ಪಕ್ಕಕ್ಕಿಟ್ಟ ಆಯೋಗ, 1981ರಲ್ಲಿ ಮಿತವಾದ ನಿಯಮವೊಂದನ್ನು ಹೊರಡಿಸಿತು. ತನಗೆ ಗೊತ್ತಿರುವ ದೊಡ್ಡ ದೋಷಗಳನ್ನು ಡೀಲರ್ ಕಾರಿನ ಕಿಟಕಿಗೆ ಅಂಟಿಸುವ ಹಾಳೆಯಲ್ಲಿ ನಮೂದಿಸಬೇಕು, ಅಷ್ಟೆ. ಹುಡುಕುವ ಹೊಣೆ ಅವನ ಮೇಲಿರಲಿಲ್ಲ.

ಅಷ್ಟನ್ನೂ ಡೀಲರುಗಳ ಸಂಘಟನೆ ಒಪ್ಪಲಿಲ್ಲ. ಆಯೋಗದ ನಿಯಮಗಳನ್ನು ರದ್ದುಪಡಿಸುವ ಅಧಿಕಾರವನ್ನು ಆಗ ಸಂಸತ್ತು ತನ್ನಲ್ಲಿಯೇ ಇಟ್ಟುಕೊಂಡಿತ್ತು. 1982ರ ಮೇ ತಿಂಗಳಲ್ಲಿ ಸೆನೆಟ್ 69–27 ಮತಗಳಿಂದಲೂ ಕೆಳಮನೆ 286–133 ಮತಗಳಿಂದಲೂ ನಿಯಮವನ್ನು ತಳ್ಳಿಹಾಕಿದವು. ಗ್ರಾಹಕ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅಧ್ಯಕ್ಷರ ಸಹಿಯಿಲ್ಲದೆ ಹೀಗೆ ನಿಯಮವನ್ನು ರದ್ದುಮಾಡುವ ಪದ್ಧತಿಯೇ ಸಂವಿಧಾನಬಾಹಿರವೆಂದು 1983ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ನಿಯಮಕ್ಕೆ ಮತ್ತೆ ಜೀವ ಬರಬೇಕಿತ್ತು. ಆದರೆ ಆಯೋಗವೇ ವಿಷಯವನ್ನು ಮರುಪರಿಶೀಲನೆಗೆ ತೆಗೆದುಕೊಂಡು, ಗೊತ್ತಿರುವ ದೋಷಗಳನ್ನು ತಿಳಿಸಬೇಕೆಂಬ ಷರತ್ತನ್ನು 1984ರ ಅಂತಿಮ ನಿಯಮದಿಂದ ಕೈಬಿಟ್ಟಿತು. ದೋಷ ಡೀಲರಿಗೆ ಗೊತ್ತಿತ್ತು ಎಂದು ಸಾಬೀತುಪಡಿಸುವುದು ಕಷ್ಟ ಎಂಬುದು ಅದು ಕೊಟ್ಟ ಮುಖ್ಯ ಕಾರಣ. ಆ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಸಾಬೀತುಪಡಿಸುವುದು ಕಷ್ಟವೆಂದು ಕರ್ತವ್ಯವನ್ನೇ ಅಳಿಸಿಬಿಟ್ಟದ್ದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ವಂಚನೆಯ ಬಹುಪಾಲು ಮೊಕದ್ದಮೆಗಳಲ್ಲೂ ಇದೇ ಕಷ್ಟವಿದೆ, ಹಾಗೆಂದು ಯಾರೂ ಅವುಗಳ ಕಾನೂನನ್ನು ತೆಗೆದುಹಾಕಿಲ್ಲ.

1985ರಿಂದ ಜಾರಿಯಲ್ಲಿರುವ ಈ ನಿಯಮದಂತೆ, ವರ್ಷಕ್ಕೆ ಐದಕ್ಕಿಂತ ಹೆಚ್ಚು ಹಳೆಯ ಕಾರುಗಳನ್ನು ಮಾರುವ ಡೀಲರ್, ವಾರಂಟಿ ಇದೆಯೇ ಅಥವಾ ಇರುವ ಸ್ಥಿತಿಯಲ್ಲೇ ಮಾರಾಟವೇ ಎಂಬುದನ್ನು ತಿಳಿಸುವ ಹಾಳೆಯನ್ನು ಪ್ರತಿ ಕಾರಿನಲ್ಲೂ ಪ್ರದರ್ಶಿಸಬೇಕು. ಯಾವ ಕಾರಿನಲ್ಲಾದರೂ ಕಾಣಿಸಿಕೊಳ್ಳಬಹುದಾದ ದೋಷಗಳ ಪಟ್ಟಿ ಅದರಲ್ಲಿರುತ್ತದೆ. ಎದುರಿಗೆ ನಿಂತಿರುವ ಕಾರಿಗೆ ಏನಾಗಿತ್ತು ಎಂಬುದು ಇರುವುದಿಲ್ಲ. ತಮ್ಮದೇ ವ್ಯವಸ್ಥೆ ಹೊಂದಿದ್ದ ವಿಸ್ಕಾನ್ಸಿನ್ ಮತ್ತು ಮೇನ್ ರಾಜ್ಯಗಳಿಗೆ ಈ ಹಾಳೆಯಿಂದ ವಿನಾಯಿತಿ ದೊರೆಯಿತು. ಮೇನ್ ರಾಜ್ಯದ ಕಾನೂನಂತೂ ಬೆಂಕಿ, ನೀರು ಅಥವಾ ದೊಡ್ಡ ಡಿಕ್ಕಿಯಿಂದಾದ ಹಾನಿ ಡೀಲರಿಗೆ ತಿಳಿದಿದ್ದರೆ ಅದನ್ನು ಬರೆದು ತಿಳಿಸಲೇಬೇಕೆನ್ನುತ್ತದೆ. ಒಕ್ಕೂಟ ಸರ್ಕಾರ ಕಷ್ಟವೆಂದು ಬಿಟ್ಟದ್ದನ್ನು ಒಂದು ಸಣ್ಣ ರಾಜ್ಯ ನಡೆಸಿಕೊಂಡು ಬಂದಿದೆ ಎಂಬುದು ಗಮನಿಸತಕ್ಕ ಸಂಗತಿ.

ಎಷ್ಟು ಹಾನಿಯಾದರೆ ಹೇಳಬೇಕು ಎಂಬ ಪ್ರಶ್ನೆ ಬಹಳ ದೊಡ್ಡದಾಗಿ ಎದ್ದದ್ದು ಹೊಸ ಕಾರೊಂದರ ವಿಷಯದಲ್ಲಿ. ಅಲಬಾಮಾದ ವೈದ್ಯರೊಬ್ಬರು 1990ರಲ್ಲಿ ಕೊಂಡ ಬಿಎಂಡಬ್ಲ್ಯು ಕಾರಿನ ಕೆಲವು ಭಾಗಗಳಿಗೆ ಮಾರಾಟಕ್ಕೆ ಮೊದಲೇ ಮರುಬಣ್ಣ ಬಳಿಯಲಾಗಿತ್ತು. ರಿಪೇರಿಯ ವೆಚ್ಚ ಕಾರಿನ ಬೆಲೆಯ ಶೇ 3ನ್ನು ಮೀರದಿದ್ದರೆ ಡೀಲರಿಗೂ ತಿಳಿಸದಿರುವುದು ಕಂಪನಿಯ ನೀತಿಯಾಗಿತ್ತು. ವೈದ್ಯರು ಹೂಡಿದ ದಾವೆಯಲ್ಲಿ ಜ್ಯೂರಿ 4,000 ಡಾಲರ್ ಪರಿಹಾರವನ್ನೂ 40 ಲಕ್ಷ ಡಾಲರ್ ದಂಡರೂಪದ ಮೊತ್ತವನ್ನೂ ವಿಧಿಸಿತು. ರಾಜ್ಯದ ಸುಪ್ರೀಂ ಕೋರ್ಟ್ ದಂಡವನ್ನು ಅರ್ಧಕ್ಕಿಳಿಸಿತು. ಅದೂ ವಿಪರೀತವೆಂದು ದೇಶದ ಸುಪ್ರೀಂ ಕೋರ್ಟ್ 1996ರಲ್ಲಿ ತಳ್ಳಿಹಾಕಿತು.

ಡೀಲರ್ ಹೇಳದ್ದನ್ನು ದಾಖಲೆಗಳು ಹೇಳಬೇಕೆಂಬ ಪ್ರಯತ್ನ ಇದರ ಜೊತೆಜೊತೆಗೇ ಬೆಳೆಯಿತು. 1984ರಲ್ಲಿ ಮಿಸೌರಿಯಲ್ಲಿ ಆರಂಭವಾದ ಕಾರ್‌ಫ್ಯಾಕ್ಸ್ ಕಂಪನಿ ಕಾರುಗಳ ಚರಿತ್ರೆಯನ್ನು ವರದಿಯಾಗಿ ಮಾರತೊಡಗಿತು. 1992ರ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ವಾಹನ ಮಾಹಿತಿ ವ್ಯವಸ್ಥೆ ಸಾರ್ವಜನಿಕರಿಗೆ ತೆರೆದುಕೊಂಡದ್ದು 2009ರಲ್ಲಿ. ವಿಮಾ ಕಂಪನಿಗಳು ಗುಜರಿಗೆ ಸಮವೆಂದು ಪರಿಗಣಿಸಿದ ಕಾರುಗಳು, ರಾಜ್ಯ ದಾಟಿ ಹೊಸ ನೋಂದಣಿ ಪತ್ರ ಪಡೆದು ಶುದ್ಧವಾಗಿ ಬರುವುದನ್ನು ತಡೆಯುವುದು ಅದರ ಉದ್ದೇಶಗಳಲ್ಲೊಂದು. ಕ್ಯಾಲಿಫೋರ್ನಿಯಾ 2012ರಿಂದ ಈ ವ್ಯವಸ್ಥೆಯನ್ನು ಪರಿಶೀಲಿಸಿ, ಅಂಥ ಕಾರಿಗೆ ಎಚ್ಚರಿಕೆಯ ಚೀಟಿ ಅಂಟಿಸುವುದನ್ನು ಡೀಲರುಗಳಿಗೆ ಕಡ್ಡಾಯಗೊಳಿಸಿತು. ಆದರೆ ವಿಮೆ ಕೇಳದೆ, ಪೊಲೀಸರಿಗೆ ತಿಳಿಸದೆ, ಸ್ವಂತ ಹಣದಿಂದ ರಿಪೇರಿ ಮಾಡಿಸಿದ ಅಪಘಾತ ಯಾವ ವರದಿಯಲ್ಲೂ ಕಾಣಿಸದೇ ಹೋಗಬಹುದು. ವರದಿ ಸ್ವಚ್ಛವಾಗಿದೆ ಎಂದ ಮಾತ್ರಕ್ಕೆ ಕಾರಿಗೆ ಏನೂ ಆಗಿಲ್ಲ ಎಂದು ಅರ್ಥವಲ್ಲ.

2014ರಲ್ಲಿ ಆಯೋಗ ಮತ್ತೊಂದು ಹೆಜ್ಜೆಯ ಪ್ರಸ್ತಾಪ ಮುಂದಿಟ್ಟಿತ್ತು. ಕಾರಿನ ಚರಿತ್ರೆಯ ವರದಿಯನ್ನು ಡೀಲರ್ ಈಗಾಗಲೇ ತರಿಸಿಕೊಂಡಿದ್ದರೆ ಆ ಸಂಗತಿಯನ್ನು ಹಾಳೆಯಲ್ಲಿ ಗುರುತಿಸಿ, ಗ್ರಾಹಕರು ಕೇಳಿದಾಗ ಪ್ರತಿ ಕೊಡಬೇಕೆಂಬುದು ಅದರ ಸಾರ. ಡೀಲರಿಗೆ ಗೊತ್ತಿತ್ತು ಎಂದು ಸಾಬೀತುಪಡಿಸುವ ಹಳೆಯ ತೊಡಕಿಗೆ ಅದು ದೊಡ್ಡ ಮಟ್ಟಿಗೆ ಪರಿಹಾರವಾಗುತ್ತಿತ್ತು, ಏಕೆಂದರೆ ವರದಿ ತರಿಸಿಕೊಂಡದ್ದಕ್ಕೆ ದಾಖಲೆ ಇರುತ್ತದೆ. 2016ರ ಅಂತಿಮ ತಿದ್ದುಪಡಿಯಲ್ಲಿ ಅದೂ ಉಳಿಯಲಿಲ್ಲ. ವಾಹನದ ಚರಿತ್ರೆಯ ವರದಿಯನ್ನು ಪಡೆದುಕೊಳ್ಳಿ ಎಂದು ಕೊಳ್ಳುವವರಿಗೆ ಸಲಹೆ ನೀಡುವ ಸಾಲು ಮಾತ್ರ ಆ ಹಾಳೆಗೆ ಸೇರಿತು.