ಯಳಗ ಹೆಚ್ಚೋ, ಕೆಂಗುರಿ ಹೆಚ್ಚೋ? ಕುರಿ ತೂಕದ ವಾದ ಬೆಳೆದು ಬಂದ ಬಗೆ

ನಮ್ಮ ಕಡೆಯ ಯಾವ ಕುರಿ ಸಂತೆಗೆ ಹೋದರೂ ಒಂದು ವಾದ ಕಿವಿಗೆ ಬಿದ್ದೇ ಬೀಳುತ್ತದೆ. ಯಾವ ತಳಿ ಬೇಗ ಬೆಳೆಯುತ್ತದೆ, ಯಾವುದಕ್ಕೆ ಮಟನ್ ಜಾಸ್ತಿ ಬೀಳುತ್ತದೆ? ಅಮೀನಗಡದ ಕಡೆಯಿಂದ ಬಂದವರು ಯಳಗದ ಪರ. ರಾಯಚೂರು, ಕೊಪ್ಪಳದ ನಂಟಿದ್ದವರು ಕೆಂಗುರಿ ಬಿಟ್ಟು ಮಾತಾಡುವುದಿಲ್ಲ. ಬಳ್ಳಾರಿ ಕುರಿ ಏನು ಕಡಿಮೆ ಅನ್ನುವವರು ಹಾವೇರಿಯಲ್ಲಿ ಸಿಗುತ್ತಾರೆ. ಯೂಟ್ಯೂಬ್ ನೋಡಿ ಸಾಕಾಣಿಕೆಗೆ ಇಳಿದ ಹುಡುಗರ ಬಾಯಲ್ಲಿ ನಾರಿ ಸುವರ್ಣ. ಡೆಕ್ಕನಿಯ, ಅಂದರೆ ನಮ್ಮ ಜವಾರಿ ಕರಿ ಕುರಿಯ ಪರವಾಗಿ ಮಾತಾಡುವವರು ಮಾತ್ರ ಕಡಿಮೆಯಾಗಿದ್ದಾರೆ.

ಹಿಂದೆ ಇಂಥ ವಾದ ಇಷ್ಟು ಇರಲಿಲ್ಲ. ಕುರಿ ಇದ್ದದ್ದು ಉಣ್ಣೆಗೆ, ಗೊಬ್ಬರಕ್ಕೆ. ಮರಿ ಮಾರಿದ ದುಡ್ಡು ಆಮೇಲಿನ ಮಾತು. ಕರಿ ಉಣ್ಣೆ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಂಥ ಊರುಗಳಲ್ಲಿ ಕಂಬಳಿಯಾಗುತ್ತಿತ್ತು. ಸುಗ್ಗಿ ಮುಗಿದ ಮೇಲೆ ನವಲಗುಂದ, ನರಗುಂದದ ಎರಿ, ಅಂದರೆ ಕಪ್ಪು ಮಣ್ಣಿನ, ಹೊಲಗಳಲ್ಲಿ ರಾತ್ರಿ ಹಿಂಡು ನಿಲ್ಲಿಸಿದರೆ ಹೊಲದವರು ಕಾಳೋ, ರೊಕ್ಕವೋ ಕೊಡುತ್ತಿದ್ದರು. ಮಳೆ ಹಿಡಿದರೆ ಎರಿ ಮಣ್ಣು ರಾಡಿಯಾಗುತ್ತದೆ, ಕುರಿಯ ಗೊರಸು ಕೊಳೆಯುತ್ತದೆ. ಆಗ ಹಿಂಡು ಕೆಂಪು ಮಣ್ಣಿನ ಮಸಾರಿ ನೆಲ ಹುಡುಕಿಕೊಂಡು ಹೊರಡಬೇಕು. ಹೀಗೆ ವರ್ಷದ ಅರ್ಧ ದಾರಿಯಲ್ಲೇ ಕಳೆಯುವ ಪ್ರಾಣಿಗೆ ಮೈಯಲ್ಲಿ ಮಾಂಸಕ್ಕಿಂತ ಕಾಲಲ್ಲಿ ಕಸುವು ಮುಖ್ಯ. ಡೆಕ್ಕನಿ ಕುರಿ ಈ ಬಾಳುವೆಗೆ ಒಗ್ಗಿದ ತಳಿ. ಬೆಳೆದ ಟಗರು 40 ಕೆಜಿಯ ಆಸುಪಾಸು, ಹೆಣ್ಣು 30ರ ಒಳಗೆ.

ಸರ್ಕಾರಕ್ಕೆ ಕಂಡ ಕೊರತೆಯೇ ಬೇರೆ. ಅದಕ್ಕೆ ಬೇಕಾಗಿದ್ದದ್ದು ನಯವಾದ ಉಣ್ಣೆ. ರಾಜಸ್ಥಾನದ ಅವಿಕಾನಗರದಲ್ಲಿ 1962ರಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಶುರುವಾಯಿತು. ನಯವಾದ ಉಣ್ಣೆಯ ಮೆರಿನೊ, ಫ್ರಾನ್ಸ್ ಮೂಲದ ರಾಂಬುಲೆ ಟಗರುಗಳನ್ನು ನಮ್ಮ ತಳಿಗಳಿಗೆ ಕೂಡಿಸುವ ಕೆಲಸ ದೇಶದ ತುಂಬ ನಡೆಯಿತು. ಡೆಕ್ಕನಿಯನ್ನೂ ಬಿಡಲಿಲ್ಲ. ಆದರೆ ಕಂಬಳಿ ನೇಯುವವರಿಗೆ ಬೇಕಾದದ್ದು ಒರಟು ಕರಿ ಉಣ್ಣೆ. ನುಣುಪಾದ ಬಿಳಿ ಉಣ್ಣೆ ತಗೊಂಡು ಅವರೇನು ಮಾಡಬೇಕು? ಅಷ್ಟರಲ್ಲಿ ಅಗ್ಗದ ಮಿಲ್ ಹೊದಿಕೆಗಳು ಬಂದವು. ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದ ಸ್ಥಿತಿ ಬಂತು. ಮಟನ್ ಬೆಲೆ ಮಾತ್ರ ಏರುತ್ತಲೇ ಹೋಯಿತು.

ಅಲ್ಲಿಂದ ತೂಕದ ಲೆಕ್ಕ ಮುಂದೆ ಬಂತು. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದಲ್ಲಿ ಡೆಕ್ಕನಿಯನ್ನು ಮಾಂಸದ ತಳಿಯಾಗಿ ಆರಿಸಿ ಬೆಳೆಸುವ ಯೋಜನೆ ನಡೆಯಿತು. 6 ತಿಂಗಳಲ್ಲಿ ಮರಿ ಎಷ್ಟು ತೂಗುತ್ತದೆ ಅನ್ನುವುದು ಅಳತೆಗೋಲಾಯಿತು. ಕುರಿಗಾರರು ಇದಕ್ಕೆಲ್ಲ ಕಾಯಲಿಲ್ಲ. ತಮ್ಮ ಹಿಂಡಿಗೆ ಎತ್ತರದ ಯಳಗ ಟಗರು ತಂದರು, ಕೆಂಗುರಿ ತಂದರು. ಸಾಂಗ್ಲಿ ಜಿಲ್ಲೆಯ ಜತ್ ಕಡೆಯ ಮಾಡಗ್ಯಾಳ ತಳಿಗೂ ಬಲೆ ಬೀಸಿದರು. ಟಗರಿನ ಕಾಳಗದ ಹುಚ್ಚು ದೊಡ್ಡ ಮೈಯ ಟಗರಿನ ಬೆಲೆಯನ್ನು ಇನ್ನಷ್ಟು ಏರಿಸಿತು. ಹಾಗಾಗಿ ಇವತ್ತು ಸಂತೆಯಲ್ಲಿ ‘ಅಪ್ಪಟ’ ಅಂತ ಹೇಳಿ ಮಾರುವ ಕುರಿಗಳಲ್ಲಿ ಎಷ್ಟು ಅಪ್ಪಟ ಅನ್ನುವುದನ್ನು ಸುಮ್ನೆ ಕೇಳಬಾರದು.

2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ 1.11 ಕೋಟಿ. 2012ರಲ್ಲಿ ಅದು ಸುಮಾರು 96 ಲಕ್ಷ ಇತ್ತು. ಕಂಬಳಿ ಸೊರಗಿದರೂ ಕುರಿ ಹೆಚ್ಚಿವೆ ಅಂದರೆ ಅದಕ್ಕೆ ಮಟನ್ ಬೆಲೆಯೇ ಮುಖ್ಯ ಕಾರಣ.

ಇನ್ನು ಮಾಂಸದ ಪ್ರಮಾಣದ ವಾದ. ಸಂತೆಯಲ್ಲಿ ವ್ಯಾಪಾರಿ ತಕ್ಕಡಿ ನೋಡುವುದು ಕಡಿಮೆ. ಬೆನ್ನಿನ ಮೂಳೆಯ ಎರಡೂ ಬದಿ ಬೆರಳು ಒತ್ತುತ್ತಾನೆ. ಮೂಳೆ ಚುಚ್ಚಿದರೆ ಬಡಕಲು. ಬಾಲದ ಬುಡ ಹಿಡಿದು ಕೊಬ್ಬು ನೋಡುತ್ತಾನೆ. ತುಟಿ ಎತ್ತಿ ಹಲ್ಲು ಎಣಿಸುತ್ತಾನೆ: ಹಾಲಹಲ್ಲಿದ್ದರೆ ಮರಿ, ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ. ಇಷ್ಟು ನೋಡಿ ‘ಇದಕ್ಕೆ 14 ಕೆಜಿ ಬೀಳುತ್ತೆ’ ಅನ್ನುತ್ತಾನೆ.

ಈ 14 ಕೆಜಿಯನ್ನೇ ಹಿಡಿಯೋಣ. ಕುರಿ ಜೀವಂತ 30 ಕೆಜಿ ಇದ್ದರೆ ನೂರಕ್ಕೆ 47ರಷ್ಟು ಮಾಂಸ ಬಿತ್ತು. ಅದರ ಹೊಟ್ಟೆಯಲ್ಲಿ ಮೇವು, ನೀರು ಸೇರಿ 4 ಕೆಜಿ ಇತ್ತು ಅಂದುಕೊಳ್ಳಿ. ಅದನ್ನು ಕಳೆದು 26ಕ್ಕೆ ಲೆಕ್ಕ ಹಾಕಿದರೆ ಅದೇ ಮಾಂಸ ನೂರಕ್ಕೆ 54 ಆಗುತ್ತದೆ! ಕುರಿ ಅದೇ, ಮಾಂಸ ಅದೇ. ಸಂಶೋಧನಾ ವರದಿಗಳಲ್ಲಿ ಎರಡೂ ಬಗೆಯ ಲೆಕ್ಕ ಇರುತ್ತದೆ. ಒಂದು ತಳಿಗೆ ಒಂದು ಲೆಕ್ಕ, ಇನ್ನೊಂದಕ್ಕೆ ಇನ್ನೊಂದು ಲೆಕ್ಕ ಹಿಡಿದು ಹೋಲಿಸಿದರೆ ಯಾರನ್ನು ಬೇಕಾದರೂ ಗೆಲ್ಲಿಸಬಹುದು. ಮೇದು ಬಂದ ಸಂಜೆ ತೂಗಿದ ಕುರಿಗೂ ರಾತ್ರಿಯೆಲ್ಲ ಉಪವಾಸ ಇದ್ದ ಕುರಿಗೂ ಕೆಜಿಗಟ್ಟಲೆ ಫರಕು ಬರುತ್ತದೆ.

ಮೇವಿನ ಫರಕು ಇನ್ನೂ ದೊಡ್ಡದು. ಮೂರು ತಿಂಗಳಿಗೆ 12 ಕೆಜಿ ತೂಗುವ ಎರಡು ಮರಿ ಇವೆ ಅಂತಿಟ್ಟುಕೊಳ್ಳಿ. ಒಂದನ್ನು ಬಯಲಿಗೆ ಬಿಟ್ಟರೆ ದಿನಕ್ಕೆ 60 ಗ್ರಾಂ ಏರಿತು. ಇನ್ನೊಂದನ್ನು ಕಟ್ಟಿ ಶೇಂಗಾ ಹಿಂಡಿ, ಗೋವಿನ ಜೋಳದ ನುಚ್ಚು ತಿನ್ನಿಸಿದರೆ 110 ಗ್ರಾಂ ಏರಿತು. ಆರು ತಿಂಗಳಿಗೆ ಮೊದಲನೆಯದು ಸುಮಾರು 17.5 ಕೆಜಿ, ಎರಡನೆಯದು 22 ಕೆಜಿ. ಒಂದೇ ತಳಿ, ನಾಲ್ಕೂವರೆ ಕೆಜಿ ವ್ಯತ್ಯಾಸ. ಯಳಗಕ್ಕೆ ಹಿಂಡಿ ಹಾಕಿ, ಡೆಕ್ಕನಿಯನ್ನು ದಾರಿಯಲ್ಲಿ ನಡೆಸಿ, ಆಮೇಲೆ ‘ನೋಡಿ ತಳಿ ಅಂದ್ರೆ ಇದು’ ಅನ್ನುವುದು ಮೋಸ. ಯಳಗ ದೊಡ್ಡ ತಳಿ, ನಿಜ. ಆದರೆ ದೊಡ್ಡ ಮೈಗೆ ದೊಡ್ಡ ಹೊಟ್ಟೆ, ಉದ್ದ ಎಲುಬು. ಮಂಡ್ಯದ ಬಂಡೂರು ಕುರಿ ಗಿಡ್ಡ, ತೂಕವೂ ಕಡಿಮೆ. ಆದರೂ ಆ ಮಾಂಸಕ್ಕೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ, ಅಲ್ವಾ?

ನಾರಿ ಸುವರ್ಣ ಬಂದ ಮೇಲೆ ಲೆಕ್ಕವೇ ಬದಲಾಯಿತು. ಬಂಗಾಳದ ಸುಂದರಬನದ ಗರೋಲ್ ಅನ್ನುವ ಪುಟ್ಟ ಕುರಿ ಅವಳಿ, ತ್ರಿವಳಿ ಹಾಕುತ್ತದೆ. ಹಾಗೆ ಅವಳಿ ಹಾಕಿಸುವ ಅದರ ಜೀನನ್ನು ಮಹಾರಾಷ್ಟ್ರದ ಫಲಟಣದ ನಿಂಬಕರ್ ಸಂಸ್ಥೆಯವರು ಡೆಕ್ಕನಿಗೆ ಸೇರಿಸಿ ಈ ತಳಿ ಮಾಡಿದರು. ಅವಳಿ ಮರಿಗಳು ಹುಟ್ಟುವಾಗಲೇ ಹಗುರ, ಒಂದೊಂದನ್ನೇ ತೂಗಿದರೆ ಒಂಟಿ ಮರಿಗೆ ಸೋಲುತ್ತವೆ. ಎರಡನ್ನೂ ಸೇರಿಸಿ ತೂಗಿದರೆ ತಾಯಿ ಗೆಲ್ಲುತ್ತಾಳೆ. ಅದಕ್ಕೆ ತಾಯಿಗೆ ಹಾಲು ಇರಬೇಕು, ಹಾಲಿಗೆ ಮೇವು ಇರಬೇಕು. ಕಟ್ಟಿ ಸಾಕುವವರಿಗೆ ಇದು ಸರಿ. ಕಲಘಟಗಿಯಿಂದ ಮುಂಡರಗಿಯವರೆಗೆ ನಡೆಯುವ ಹಿಂಡಿನಲ್ಲಿ ಎರಡನೇ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹೊರುವವರು ಯಾರು?

ನನ್ನ ಮಟ್ಟಿಗೆ ಕೇಳಬೇಕಾದದ್ದು, ಒಂದು ತಾಯಿ ಕುರಿ ವರ್ಷಕ್ಕೆ ಎಷ್ಟು ಕೆಜಿ ಮರಿ ಕೊಟ್ಟಿತು, ಅದಕ್ಕೆ ಮೇವು, ಔಷಧಿಗೆ ಎಷ್ಟು ಹೋಯಿತು ಅಂತ. ಇದನ್ನು ನೋಡಲು ದೊಡ್ಡ ಫಾರ್ಮ್ ಬೇಕಿಲ್ಲ. ಒಂದೇ ಹಿಂಡಿನಲ್ಲಿ, ಒಂದೇ ಹಂಗಾಮಿನಲ್ಲಿ, ಎರಡು ತಳಿಯ ಟಗರಿಗೆ ಹುಟ್ಟಿದ ಮರಿಗಳ ಕಿವಿಗೆ ನಂಬರಿನ ಓಲೆ ಹಾಕಿ. ಹುಟ್ಟಿದ ದಿನ, ಮೂರು ತಿಂಗಳಿಗೆ, ಆರು ತಿಂಗಳಿಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗಿ. ಒಂಟಿಯೋ ಅವಳಿಯೋ, ಗಂಡೋ ಹೆಣ್ಣೋ ಬರೆದಿಡಿ. ಸತ್ತ ಮರಿಯನ್ನೂ ಬರೆಯಿರಿ. ಸಂತೆಯ ವಾದದಲ್ಲಿ ಆ ಲೆಕ್ಕ ಯಾರೂ ಹೇಳುವುದಿಲ್ಲ.